ಸಕ್ಕರೆ ಕಾಯಿಲೆ ಮತ್ತು ಪಿತ್ತನಾಳದ ಕ್ಯಾನ್ಸರ್: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಮೈಸೂರು, ಮಂಡ್ಯ ಜಿಲ್ಲೆಗಳಿಂದ ಬಂದ ಹಲವು ಪತ್ರಗಳು ಸಕ್ಕರೆ ಕಾಯಿಲೆ, ಕಾಮಾಲೆ, ಲಿವರ್ ಕುರಿತೇ ಇದ್ದವು. ಈ ಸಂಚಿಕೆಯ ಜಾಗವನ್ನೆಲ್ಲ ಅವಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನನಗೆ 54 ವರ್ಷ, 11 ವರ್ಷದಿಂದ ಶುಗರ್ ಇದೆ. ಮಾತ್ರೆ ತಪ್ಪಿಸುವುದಿಲ್ಲ. ಈಚೆಗೆ ನಮ್ಮ ಅಕ್ಕನ ಯಜಮಾನರಿಗೆ ಪಿತ್ತನಾಳದ ಕ್ಯಾನ್ಸರ್ ಎಂದು ಗೊತ್ತಾಯಿತು. ಅವರಿಗೂ ಶುಗರ್ ಇತ್ತು. ಶುಗರಿನಿಂದಲೇ ಇದು ಬಂತು ಎಂದು ಮನೆಯಲ್ಲೆಲ್ಲ ಮಾತು. ನಾನೂ ಪರೀಕ್ಷೆ ಮಾಡಿಸಿಕೊಳ್ಳಬೇಕೆ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಸಂಬಂಧ ಇರುವುದು ನಿಜ. ಆದರೆ ಮನೆಯಲ್ಲಿ ಮಾತಾಡಿಕೊಳ್ಳುತ್ತಿರುವಷ್ಟು ನೇರವಾಗಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಸಕ್ಕರೆ ಕಾಯಿಲೆ ಇಲ್ಲದವರಿಗೆ ಹೋಲಿಸಿದರೆ ಇರುವವರಲ್ಲಿ ಈ ಕ್ಯಾನ್ಸರ್ ಸುಮಾರು ಒಂದೂವರೆ ಪಟ್ಟು ಹೆಚ್ಚು ಕಂಡುಬಂದಿದೆ. ಒಂದೂವರೆ ಪಟ್ಟು ಎಂದ ಕೂಡಲೇ ಎದೆ ಝಲ್ಲೆನ್ನುತ್ತದೆ. ಆದರೆ ಯಾವುದರ ಒಂದೂವರೆ ಪಟ್ಟು ಎಂದು ಕೇಳಿಕೊಳ್ಳಬೇಕು. ಬಹುಪಾಲು ದೇಶಗಳಲ್ಲಿ ಪಿತ್ತನಾಳದ ಕ್ಯಾನ್ಸರ್ ಬರುವುದು ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ. ಆ ಇಬ್ಬರು ಮೂವರಾದರು ಅಂದುಕೊಳ್ಳಿ, ಅಷ್ಟೇ. ಶುಗರ್ ಇರುವವರು ಹೃದಯ, ಮೂತ್ರಪಿಂಡ, ಕಣ್ಣು, ಪಾದಗಳಿಗಾಗಿ ಪಡಬೇಕಾದ ಕಾಳಜಿ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು.

ಹೆಚ್ಚಾಗುವುದೇಕೆ? ಲಿವರ್ ದಿನಕ್ಕೆ ಅರ್ಧದಿಂದ ಒಂದು ಲೀಟರ್ ಪಿತ್ತರಸ ತಯಾರಿಸುತ್ತದೆ. ಅದು ಲಿವರಿನೊಳಗಿನ ಸಣ್ಣ ನಾಳಗಳಿಂದ ದೊಡ್ಡ ನಾಳಕ್ಕೆ ಬಂದು, ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ತಲೆಭಾಗವನ್ನು ಹಾದು ಸಣ್ಣಕರುಳಿಗೆ ಸೇರುತ್ತದೆ. ಎರಡನೇ ಬಗೆಯ ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ಇದ್ದರೂ ದೇಹ ಅದರ ಮಾತು ಕೇಳುವುದಿಲ್ಲ. ಹಾಗಾಗಿ ರಕ್ತದಲ್ಲಿ ಇನ್ಸುಲಿನ್ ವರ್ಷಗಟ್ಟಲೆ ಹೆಚ್ಚಿನ ಮಟ್ಟದಲ್ಲೇ ಇರುತ್ತದೆ. ಇನ್ಸುಲಿನ್ ಸಕ್ಕರೆ ಇಳಿಸುವುದಷ್ಟೇ ಅಲ್ಲ, ಜೀವಕೋಶಗಳಿಗೆ ಬೆಳೆಯುವ ಸಂದೇಶವನ್ನೂ ಕೊಡುತ್ತದೆ. ನಾಳದ ಒಳಪದರದ ಕೋಶಗಳು ಈ ಸಂದೇಶವನ್ನು ಹಿಡಿಯಬಲ್ಲವು. ಇದರ ಜೊತೆಗೆ ಫ್ಯಾಟಿ ಲಿವರಿನಿಂದ (ಲಿವರಿನಲ್ಲಿ ಕೊಬ್ಬು ತುಂಬುವುದು) ಒಳಗೊಳಗೇ ನಡೆಯುವ ಉರಿಯೂತವೂ, ಪಿತ್ತರಸ ಕೂಡಿಡುವ ಚೀಲವಾದ ಪಿತ್ತಕೋಶ ಸರಿಯಾಗಿ ಹಿಂಡಿಕೊಳ್ಳದೆ ಆಗುವ ಕಲ್ಲುಗಳೂ ಸೇರುತ್ತವೆ. ಬೊಜ್ಜು, ವಯಸ್ಸು, ಬೀಡಿ-ಸಿಗರೇಟು, ಮದ್ಯ ಎರಡೂ ಕಾಯಿಲೆಗಳ ಹಿಂದೆ ಇರುವುದರಿಂದ ಶುಗರಿನ ಪಾಲು ಇಷ್ಟೇ ಎಂದು ತೂಗಿ ಹೇಳಲು ಬರುವುದಿಲ್ಲ.

ಅಕ್ಕನ ಯಜಮಾನರಿಂದ ನಿಮಗೆ ವಂಶವಾಹಿಯಾಗಿ ಏನೂ ಬರುವುದಿಲ್ಲ. ನಮ್ಮ ಕಡೆ ಸೋದರಮಾವನ ಮನೆಗೇ ಹೆಣ್ಣು ಕೊಡುವ ಪದ್ಧತಿ ಇರುವುದರಿಂದ ರಕ್ತಸಂಬಂಧವೂ ಇರಬಹುದು. ಇದ್ದರೂ ಈ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಮನೆತನದಲ್ಲಿ ಹರಿದು ಬರುವಂಥವಲ್ಲ. ಶುಗರ್ ಇದೆ ಎಂಬ ಒಂದೇ ಕಾರಣಕ್ಕೆ ತೊಂದರೆ ಇಲ್ಲದವರು ಪಿತ್ತನಾಳಕ್ಕಾಗಿ ಸ್ಕ್ಯಾನಿಂಗ್ ಮಾಡಿಸಬೇಕಿಲ್ಲ. ಕಾಲಕಾಲಕ್ಕೆ ನೋಡಿಸಿಕೊಳ್ಳಬೇಕಾದವರೇ ಬೇರೆ: ನಾಳಗಳು ಉರಿಯೂತದಿಂದ ಕಿರಿದಾಗುತ್ತ ಹೋಗುವ ಕಾಯಿಲೆ ಇರುವವರು, ಹುಟ್ಟಿನಿಂದ ಪಿತ್ತನಾಳ ಚೀಲದಂತೆ ಉಬ್ಬಿರುವವರು, ಲಿವರಿನೊಳಗಿನ ನಾಳಗಳಲ್ಲೇ ಕಲ್ಲಿರುವವರು, ಸಿರೋಸಿಸ್ (ಲಿವರ್ ಗಟ್ಟಿಯಾಗಿ ಗಂಟುಗಟ್ಟುವುದು) ಆದವರು.

ಕೆಲವು ಲ್ಯಾಬುಗಳ ‘ಫುಲ್ ಬಾಡಿ’ ಪ್ಯಾಕೇಜುಗಳಲ್ಲಿ ಪಿತ್ತನಾಳದ ಕ್ಯಾನ್ಸರಿನಲ್ಲಿ ಏರಬಹುದಾದ ಒಂದು ವಸ್ತುವನ್ನು ಅಳೆಯುವ ಸಿಎ 19-9 ಎಂಬ ರಕ್ತಪರೀಕ್ಷೆ ಸೇರಿರುತ್ತದೆ. ಸಾಮಾನ್ಯ ಮಿತಿ 37. ಕಲ್ಲಿನಿಂದ ನಾಳ ಕಟ್ಟಿದರೂ ಏರುತ್ತದೆ, ನಾಳಕ್ಕೆ ಸೋಂಕು ತಗುಲಿದರೂ ಏರುತ್ತದೆ. ನೂರರಲ್ಲಿ ಐದರಿಂದ ಹತ್ತು ಮಂದಿಯ ದೇಹದಲ್ಲಿ ಈ ವಸ್ತು ತಯಾರಾಗುವುದೇ ಇಲ್ಲ, ಅವರಿಗೆ ಕ್ಯಾನ್ಸರ್ ಇದ್ದರೂ ರಿಪೋರ್ಟ್ ನಾರ್ಮಲ್ ಬರುತ್ತದೆ. ಆರೋಗ್ಯವಂತರು ಇದನ್ನು ಮಾಡಿಸಿ ನಿದ್ದೆ ಕೆಡಿಸಿಕೊಳ್ಳುವುದು ಬೇಡ.

ಪ್ರಶ್ನೆ: ಅಮ್ಮನಿಗೆ 62 ವರ್ಷ, 15 ವರ್ಷದ ಶುಗರ್. ಮೂರು ವಾರದಿಂದ ಕಣ್ಣು ಹಳದಿ, ರಾತ್ರಿಯೆಲ್ಲ ಮೈ ಕೆರೆದುಕೊಳ್ಳುತ್ತಾರೆ. ನೋವಿಲ್ಲ, ಜ್ವರವಿಲ್ಲ. ಪಕ್ಕದ ಊರಲ್ಲಿ ಕಾಮಾಲೆಗೆ ಸೊಪ್ಪಿನ ರಸ ಕೊಡುತ್ತಾರೆ, ಮೂರು ಸಲ ಕುಡಿಸಿದ್ದೇವೆ. ಉಪ್ಪು, ಎಣ್ಣೆ ಬಿಡಿಸಿದ್ದೇವೆ. ಇನ್ನೂ ಎಷ್ಟು ದಿನ ನೋಡಬಹುದು?
— ಓದುಗರು, ಪಾಂಡವಪುರ ತಾಲ್ಲೂಕು

ಉತ್ತರ: ಒಂದು ದಿನವೂ ನೋಡಬೇಡಿ. ಪತ್ರ ಕೈಸೇರಿದ ದಿನವೇ ನಿಮಗೆ ಫೋನಿನಲ್ಲಿ ಇದನ್ನು ಹೇಳಿದ್ದೇವೆ. ಇದೇ ಪರಿಸ್ಥಿತಿಯಲ್ಲಿರುವ ಇತರರಿಗಾಗಿ ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ.

ಸೊಪ್ಪಿನ ರಸದಿಂದ ಕಾಮಾಲೆ ವಾಸಿಯಾಗುತ್ತದೆ ಎಂಬ ನಂಬಿಕೆಗೆ ಒಂದು ಕಾರಣವಿದೆ. ಕೊಳೆನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಬಹುತೇಕ ಎಲ್ಲರಲ್ಲೂ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಕುಡಿದ ನೆಲನೆಲ್ಲಿಗೆ ಹೆಸರು ಬರುತ್ತದೆ. ನಿಮ್ಮ ತಾಯಿಯವರದು ಆ ಕಾಮಾಲೆಯಂತೆ ಕಾಣುವುದಿಲ್ಲ. ನೋವಿಲ್ಲದೆ ನಿಧಾನವಾಗಿ ಏರುವ ಹಳದಿ ಮತ್ತು ಕೆರೆತ, ಅದೂ ಅರವತ್ತು ದಾಟಿದವರಲ್ಲಿ, ನಾಳ ಎಲ್ಲೋ ಕಟ್ಟಿದೆ ಎನ್ನುವುದರ ಸೂಚನೆ. ನಾಲೆಯ ತೂಬು ಮುಚ್ಚಿದರೆ ನೀರು ಹಿಂದಕ್ಕೆ ಏರಿ ಗದ್ದೆಗೆ ನುಗ್ಗುವಂತೆ, ಕರುಳಿಗೆ ಇಳಿಯಬೇಕಾದ ಪಿತ್ತ ರಕ್ತಕ್ಕೆ ನುಗ್ಗುತ್ತದೆ. ಕಟ್ಟಿರುವುದು ಕಲ್ಲೂ ಇರಬಹುದು, ಮೇದೋಜೀರಕ ಗ್ರಂಥಿಯ ತಲೆಯ ಗಡ್ಡೆಯೋ ಪಿತ್ತನಾಳದ ಗಡ್ಡೆಯೋ ಇರಬಹುದು. ಯಾವುದಾದರೂ ಸೊಪ್ಪಿನ ರಸದಿಂದ ಬಿಡುವಂಥದ್ದಲ್ಲ. ಗಡ್ಡೆಯಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದಾದ ಹಂತ ಈ ವಾರಗಳಲ್ಲೇ ಕೈಜಾರಬಹುದು. ಶುಗರ್ ತಂದ ಅಪಾಯಕ್ಕಿಂತ ಹೀಗೆ ಕಳೆದುಹೋಗುವ ದಿನಗಳ ಅಪಾಯ ದೊಡ್ಡದು ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಮನೆಯಲ್ಲೇ ಮೂರು ಸಂಗತಿ ನೋಡಬಹುದು. ಕಣ್ಣನ್ನು ಹಗಲು ಬೆಳಕಿನಲ್ಲಿ, ಕಿಟಕಿಯ ಬಳಿ ನೋಡಿ. ಬಲ್ಬಿನ ಬೆಳಕಿನಲ್ಲಿ ನೋಡಿದರೆ ಮೋಸ ಹೋಗುತ್ತೀರಿ. ಅವರನ್ನು ಕೆಳಗೆ ನೋಡಲು ಹೇಳಿ, ಮೇಲಿನ ರೆಪ್ಪೆ ಎತ್ತಿದರೆ ಕಾಣುವ ಬಿಳಿಭಾಗ ಹಳದಿಯಾಗಿದ್ದರೆ ರಕ್ತದಲ್ಲಿ ಬಿಲಿರುಬಿನ್ (ಪಿತ್ತದ ಹಳದಿ ಬಣ್ಣ) ಆಗಲೇ 2-3 ದಾಟಿದೆ ಎಂದರ್ಥ. ಸಾಮಾನ್ಯ ಮಿತಿ 1.2. ವಯಸ್ಸಾದವರಲ್ಲಿ ಕಪ್ಪುಗುಡ್ಡೆಯ ಪಕ್ಕದಲ್ಲಷ್ಟೇ ಕಾಣುವ ಹಳದಿ ಕಲೆ ಕಾಮಾಲೆಯಲ್ಲ. ಎರಡನೆಯದು ಮೂತ್ರ. ಬಿ-ಕಾಂಪ್ಲೆಕ್ಸ್ ಮಾತ್ರೆಯಿಂದಲೂ ಅದು ಕಡುಹಳದಿಯಾಗುತ್ತದೆ, ಆದರೆ ಕಣ್ಣು ಬೆಳ್ಳಗೇ ಇರುತ್ತದೆ. ಮೂರನೆಯದು ಮಲ. ನಮ್ಮ ಜನ ಹೇಳಲು ಸಂಕೋಚಪಡುವುದು ಇದನ್ನೇ. ಪಿತ್ತ ಕರುಳಿಗೆ ಇಳಿಯದಿದ್ದರೆ ಮಲ ತನ್ನ ಕಂದುಬಣ್ಣ ಕಳೆದುಕೊಂಡು ಸುಣ್ಣ ಬೆರೆಸಿದ ಜೇಡಿಮಣ್ಣಿನಂತಾಗುತ್ತದೆ, ಜಿಡ್ಡಾಗಿ ನೀರಿನ ಮೇಲೆ ತೇಲುತ್ತದೆ. ಇದನ್ನು ಕಂಡರೆ ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿಬಿಡಿ.

ಮಂಡ್ಯದ ಮಿಮ್ಸ್ ಆಸ್ಪತ್ರೆಗಾಗಲಿ ಮೈಸೂರಿನ ಕೆ.ಆರ್. ಆಸ್ಪತ್ರೆಗಾಗಲಿ ಹೋಗುವಾಗ ಶುಗರ್ ಮಾತ್ರೆಯ ಸ್ಟ್ರಿಪ್ಪುಗಳನ್ನು ಕೈಯಲ್ಲೇ ಹಿಡಿದು ಹೋಗಿ. ಮೊದಲು ಎಲ್‌ಎಫ್‌ಟಿ (ಲಿವರಿನ ಸ್ಥಿತಿ ತೋರಿಸುವ ರಕ್ತಪರೀಕ್ಷೆ) ಮಾಡುತ್ತಾರೆ. ಒಟ್ಟು ಬಿಲಿರುಬಿನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ‘ಡೈರೆಕ್ಟ್’ (ಲಿವರ್ ಸಂಸ್ಕರಿಸಿದ ಬಗೆ) ಇದ್ದು, ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಹಲವು ಪಟ್ಟು ಏರಿದ್ದು, ಎಸ್‌ಜಿಪಿಟಿ ಎಂಬ ಇನ್ನೊಂದು ಕಿಣ್ವ ಅಷ್ಟಾಗಿ ಏರದಿದ್ದರೆ ಅದು ಕಟ್ಟಿದ ನಾಳದ ಲೆಕ್ಕ. ಅಲ್ಟ್ರಾಸೌಂಡಿನಲ್ಲಿ ದೊಡ್ಡ ಪಿತ್ತನಾಳದ ಅಗಲ ನೋಡುತ್ತಾರೆ. ಸಾಮಾನ್ಯವಾಗಿ ಅದು 6-7 ಮಿಲಿಮೀಟರ್ ಒಳಗಿರುತ್ತದೆ. ಪಿತ್ತಕೋಶ ತೆಗೆಸಿಕೊಂಡವರಲ್ಲಿ 10 ಮಿಲಿಮೀಟರ್‌ವರೆಗೂ ಇರಬಹುದು. ದೊಡ್ಡ ನಾಳ ಸರಿಯಿದ್ದು ಲಿವರಿನೊಳಗಿನ ನಾಳಗಳು ಮಾತ್ರ ಹಿಗ್ಗಿದ್ದರೆ, ಎಡ-ಬಲ ನಾಳಗಳು ಕೂಡುವ ಜಾಗದಲ್ಲೇ ಅಡ್ಡಿಯಿದೆ. ಪಿತ್ತನಾಳದ ಗಡ್ಡೆ ಹೆಚ್ಚಾಗಿ ಹುಟ್ಟುವುದೂ ಅಲ್ಲಿಯೇ.

ಆಮೇಲೆ ಎಂಆರ್‌ಸಿಪಿ (ಪಿತ್ತನಾಳಗಳ ಎಂಆರ್‌ಐ ಸ್ಕ್ಯಾನ್), ಸಿಟಿ ಸ್ಕ್ಯಾನ್. ಎಂಆರ್‌ಸಿಪಿಗೆ ಬಣ್ಣದ ಇಂಜೆಕ್ಷನ್ ಬೇಕಿಲ್ಲ. ಸಿಟಿಗೆ ಸಾಮಾನ್ಯವಾಗಿ ಬೇಕು. ಆದ್ದರಿಂದ ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್, ಇಜಿಎಫ್‌ಆರ್ ರಿಪೋರ್ಟ್ ಜೊತೆಗಿರಲಿ. ಇಜಿಎಫ್‌ಆರ್ 30ಕ್ಕಿಂತ ಕಡಿಮೆ ಇದ್ದವರಿಗೆ ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ನಿಲ್ಲಿಸುತ್ತಾರೆ. ಒಂದು ಮಾತನ್ನು ವೈದ್ಯರ ಬಳಿ ಕೇಳಿಯೇ ಕೇಳಿ: ನಾಳಕ್ಕೆ ಸ್ಟೆಂಟ್ (ಪಿತ್ತ ಹರಿಯಲು ಒಳಗಿಡುವ ಸಣ್ಣ ಕೊಳವೆ) ಹಾಕುವ ಮೊದಲೇ ಈ ಸ್ಕ್ಯಾನುಗಳು ಆಗಿವೆಯೇ? ಸ್ಟೆಂಟ್ ಕೂತ ಮೇಲೆ ಸುತ್ತ ಉರಿಯೂತವಾಗಿ ಗಡ್ಡೆ ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ ಎಂದು ಓದುವುದು ಕಷ್ಟವಾಗುತ್ತದೆ. ನಾಳಕ್ಕೆ ಸೋಂಕು ಹತ್ತಿದ್ದರೆ ಮಾತ್ರ ಕಾಯದೆ ಪಿತ್ತ ಹೊರಗೆ ಹರಿಯಲು ದಾರಿ ಮಾಡಬೇಕಾಗುತ್ತದೆ.

ಸ್ಕ್ಯಾನಿಗೆಂದು ಐದಾರು ಗಂಟೆ ಖಾಲಿ ಹೊಟ್ಟೆಯಲ್ಲಿರಲು ಹೇಳುತ್ತಾರೆ. ಬೆಳಗಿನ ಮೊದಲ ಸರದಿ ಕೇಳಿ ಪಡೆಯಿರಿ. ಊಟದ ಜೊತೆಗಿನ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಅನ್ನು ಖಾಲಿ ಹೊಟ್ಟೆಗೆ ಕೊಡಬೇಡಿ. ಬೆವರು, ನಡುಕ, ತಬ್ಬಿಬ್ಬು ಕಂಡು ಶುಗರ್ 70ಕ್ಕಿಂತ ಇಳಿದಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಸ್ಕ್ಯಾನ್ ನಾಳೆಯೂ ಆಗುತ್ತದೆ. ಕಾಮಾಲೆಯಲ್ಲಿ ಊಟ ಅರ್ಧಕ್ಕೆ ಇಳಿದಿದ್ದರೂ ಹಳೆಯ ಡೋಸನ್ನೇ ಮುಂದುವರಿಸಿ ಪ್ರಜ್ಞೆ ತಪ್ಪುವುದು ಬಹಳ ಕಡೆ ಆಗುವ ಅನಾಹುತ. ಡೋಸ್ ಎಷ್ಟು ಇಳಿಸಬೇಕೆಂದು ಅಂದೇ ಕೇಳಿ. ಉಪ್ಪು, ಎಣ್ಣೆ ಬಿಡಿಸಿದ ಪಥ್ಯವನ್ನೂ ಕೈಬಿಡಿ. ತೂಕ ಇಳಿಯುತ್ತಿರುವವರಿಗೆ ಅದು ಇನ್ನಷ್ಟು ನಿಶ್ಶಕ್ತಿ ತರುತ್ತದೆ.

ಪಿತ್ತವಿಲ್ಲದೆ ವಿಟಮಿನ್ ಕೆ ಮೈಗೆ ಹತ್ತುವುದಿಲ್ಲ, ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ. ಯಾವ ಪ್ರೊಸೀಜರ್‌ಗೂ ಮೊದಲು ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ವೇಗದ ಪರೀಕ್ಷೆ) ನೋಡಿ ವಿಟಮಿನ್ ಕೆ ಇಂಜೆಕ್ಷನ್ ಕೊಡುವುದು ಇದಕ್ಕೇ. ಹೃದಯಕ್ಕೆಂದು ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ಚಳಿಜ್ವರ ಬಂದರೆ ನಡುರಾತ್ರಿಯಾದರೂ ಎಮರ್ಜೆನ್ಸಿಗೆ ಕರೆದೊಯ್ಯಿರಿ. ಶುಗರ್ ಇರುವ ವಯಸ್ಸಾದವರಲ್ಲಿ ಜ್ವರವೇ ಬಾರದೆ ಮಂಕಾಗುವುದು, ಮೂತ್ರ ಕಡಿಮೆಯಾಗುವುದು ಮಾತ್ರ ಕಾಣಬಹುದು. ಅದೂ ಅಷ್ಟೇ ಗಂಭೀರ.

ಪ್ರಶ್ನೆ: ಕಾವೇರಿ ಮೀನು ತಿಂದರೆ ಲಿವರಿಗೆ ಹುಳು ಸೇರಿ ಪಿತ್ತನಾಳದ ಕ್ಯಾನ್ಸರ್ ಆಗುತ್ತದೆ ಎಂದು ವಾಟ್ಸಾಪಿನಲ್ಲಿ ಬಂದಿದೆ. ನಿಜವೆ?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಹುಳುವಿನ ಮಾತು ನಿಜ, ಊರು ಬೇರೆ. ಥಾಯ್ಲೆಂಡಿನ ಈಶಾನ್ಯ ಭಾಗ, ಲಾವೋಸ್ ಮುಂತಾದೆಡೆ ಹೊಳೆಮೀನನ್ನು ಹಸಿಯಾಗಿ ಅಥವಾ ಹುಳಿಬರಿಸಿ ತಿನ್ನುವ ರೂಢಿಯಿದೆ. ಅದರಿಂದ ಒಂದು ಬಗೆಯ ಚಪ್ಪಟೆ ಹುಳು ಪಿತ್ತನಾಳದಲ್ಲಿ ವರ್ಷಾನುಗಟ್ಟಲೆ ಬೀಡುಬಿಡುತ್ತದೆ. ಪ್ರಪಂಚದಲ್ಲಿ ಈ ಕ್ಯಾನ್ಸರ್ ಅತಿ ಹೆಚ್ಚು ಇರುವುದು ಆ ಭಾಗದಲ್ಲೇ. ಚೆನ್ನಾಗಿ ಬೇಯಿಸಿದರೆ ಮರಿಹುಳು ಸಾಯುತ್ತದೆ. ಕುದಿಸಿದ ಮೀನುಸಾರಿಗೂ ಒಳಗಿನವರೆಗೆ ಬೆಂದ ಫ್ರೈಗೂ ಈ ಭಯ ಬೇಡ.

ಪ್ರಶ್ನೆ: ವಯಸ್ಸು 52, ತೂಕ 82 ಕೆ.ಜಿ. ಶುಗರ್ ಇದೆ. ಸ್ಕ್ಯಾನಿಂಗಿನಲ್ಲಿ ಫ್ಯಾಟಿ ಲಿವರ್ ಗ್ರೇಡ್ 1 ಎಂದಿದ್ದಾರೆ. ಎಸ್‌ಜಿಒಟಿ 40, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 2.4 ಲಕ್ಷ. ಸಕ್ಕರೆ ಬಿಟ್ಟು ಬೆಲ್ಲ ಬಳಸುತ್ತೇನೆ, ಮಧ್ಯಾಹ್ನ, ರಾತ್ರಿ ಎರಡೂ ಹೊತ್ತು ಮುದ್ದೆ. ಇದು ಕ್ಯಾನ್ಸರಿಗೆ ತಿರುಗುತ್ತದೆಯೆ?
— ಓದುಗರು, ಮದ್ದೂರು

ಉತ್ತರ: ಅಂಕಿಗಳನ್ನು ಬರೆದು ಕಳಿಸಿದ್ದು ಒಳ್ಳೆಯದಾಯಿತು. ಗ್ರೇಡ್ ಎನ್ನುವುದು ಕೊಬ್ಬು ಎಷ್ಟು ಕಾಣುತ್ತಿದೆ ಎಂದಷ್ಟೇ ಹೇಳುತ್ತದೆ. ಮುಖ್ಯವಾಗಿ ನೋಡಬೇಕಾದದ್ದು ಲಿವರ್ ಗಟ್ಟಿಯಾಗುತ್ತಿದೆಯೇ ಎಂದು. ಅದಕ್ಕೆ ಫಿಬ್-4 ಎಂಬ ಸುಲಭ ಲೆಕ್ಕವಿದೆ. ವಯಸ್ಸನ್ನು ಎಸ್‌ಜಿಒಟಿಯಿಂದ (ಇದೂ ಎಲ್‌ಎಫ್‌ಟಿಯಲ್ಲಿ ಬರುವ ಕಿಣ್ವವೇ) ಗುಣಿಸಿ: 52 × 40 = 2080. ಪ್ಲೇಟ್‌ಲೆಟ್ ಅನ್ನು ಸಾವಿರದ ಲೆಕ್ಕದಲ್ಲಿ ತೆಗೆದುಕೊಂಡು (240) ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. 64ರ ವರ್ಗಮೂಲ 8, ಅಲ್ಲಿಗೆ 240 × 8 = 1920. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.08. 65 ವರ್ಷದ ಒಳಗಿನವರಿಗೆ 1.3ಕ್ಕಿಂತ ಕಡಿಮೆ ಬಂದರೆ ಲಿವರ್ ಗಟ್ಟಿಯಾಗಿರುವ ಸಂಭವ ಕಡಿಮೆ. 65 ದಾಟಿದವರಿಗೆ ಈ ಗೆರೆ 2. ನೀವು ಸದ್ಯ ಸುರಕ್ಷಿತ ಕಡೆಯಲ್ಲಿದ್ದೀರಿ, ಆದರೆ ಗೆರೆಯಿಂದ ಬಹಳ ದೂರವಿಲ್ಲ. ಶುಗರ್ ಇರುವುದರಿಂದ ವರ್ಷ-ಎರಡು ವರ್ಷಕ್ಕೊಮ್ಮೆ ಈ ಲೆಕ್ಕ ಮತ್ತೆ ಮಾಡಿ. 1.3 ದಾಟಿದರೆ ಲಿವರಿನ ಗಟ್ಟಿತನ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಬೇಕು.

ಬೆಲ್ಲದ ವಿಷಯಕ್ಕೆ ಬರೋಣ. ಆಲೆಮನೆಗಳ ನಾಡಿನಲ್ಲಿದ್ದು ಇದನ್ನು ಹೇಳುವುದು ಕಷ್ಟವೇ. 100 ಗ್ರಾಂ ಬೆಲ್ಲದಲ್ಲಿ ಸುಮಾರು 85 ಗ್ರಾಂ ಸಕ್ಕರೆಯೇ ಇದೆ. ಅದರಲ್ಲಿನ ಕಬ್ಬಿಣಾಂಶಕ್ಕಾಗಿ ಶುಗರ್ ಇರುವವರು ಬೆಲ್ಲ ತಿನ್ನುವುದು ಲಾಭದ ವ್ಯಾಪಾರವಲ್ಲ. ಒಂದು ಲೋಟ ಕಬ್ಬಿನ ಹಾಲಿನಲ್ಲಿ 25 ಗ್ರಾಂಗೆ ಕಡಿಮೆಯಿಲ್ಲದ ಸಕ್ಕರೆ ಇರುತ್ತದೆ. ಸಕ್ಕರೆಯ ಅರ್ಧಭಾಗವಾದ ಫ್ರುಕ್ಟೋಸ್ ನೇರವಾಗಿ ಲಿವರಿಗೆ ಹೋಗಿ ಕೊಬ್ಬಾಗುತ್ತದೆ. ಮುದ್ದೆ ಒಳ್ಳೆಯದೇ, ಗಾತ್ರದ್ದೇ ತಕರಾರು. 100 ಗ್ರಾಂ ಹಿಟ್ಟಿನ ಮುದ್ದೆಯಲ್ಲಿ ಸುಮಾರು 70 ಗ್ರಾಂ ಪಿಷ್ಟ ಇರುತ್ತದೆ. ಹಿಟ್ಟನ್ನು 50-60 ಗ್ರಾಂಗೆ ಇಳಿಸಿ, ಬಸ್ಸಾರಿನ ಪಲ್ಯವನ್ನು ಅದರ ಎರಡರಷ್ಟು ಹಾಕಿಕೊಳ್ಳಿ, ಮುದ್ದೆಯ ಮೇಲೆ ಮತ್ತೆ ಅನ್ನ ಬೇಡ. ತೂಕದಲ್ಲಿ ಶೇಕಡ 5, ಅಂದರೆ ನಿಮ್ಮ ಲೆಕ್ಕದಲ್ಲಿ 4 ಕೆ.ಜಿ. ಇಳಿದರೆ ಲಿವರಿನ ಕೊಬ್ಬು ಕರಗತೊಡಗುತ್ತದೆ. 6ರಿಂದ 8 ಕೆ.ಜಿ. ಇಳಿದರೆ ಉರಿಯೂತವೂ ತಗ್ಗುತ್ತದೆ. ಹೊಕ್ಕುಳ ಮಟ್ಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು.

ಮದ್ಯದ ಅಭ್ಯಾಸವಿದ್ದರೆ ಪೂರ್ತಿ ಬಿಡಿ. ಹೆಪಟೈಟಿಸ್ ಬಿ, ಸಿ ಪರೀಕ್ಷೆ ಒಮ್ಮೆ ಮಾಡಿಸಿ, ಇವೆರಡೂ ಪಿತ್ತನಾಳದ ಕ್ಯಾನ್ಸರಿನ ಅಪಾಯ ಹೆಚ್ಚಿಸುತ್ತವೆ. ಬಿ ಇಲ್ಲದಿದ್ದರೆ ಲಸಿಕೆ ಹಾಕಿಸಿಕೊಳ್ಳಬಹುದು: ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು.

ಪ್ರಶ್ನೆ: ಅತ್ತೆಯವರಿಗೆ ಶುಗರ್ ಇದೆ. ಪಿತ್ತಕೋಶದಲ್ಲಿ ಎರಡು ಕಲ್ಲು, 8 ಮಿ.ಮೀ. ಮತ್ತು 11 ಮಿ.ಮೀ. ಒಂದು ದಿನವೂ ನೋವು ಬಂದಿಲ್ಲ. ಬಿಟ್ಟರೆ ಕ್ಯಾನ್ಸರ್ ಆಗುತ್ತದೆ, ತೆಗೆಸಿಬಿಡಿ ಎನ್ನುತ್ತಾರೆ.
— ಓದುಗರು, ನಂಜನಗೂಡು

ಉತ್ತರ: ನೋವು ಕೊಡದ ಕಲ್ಲನ್ನು ಶುಗರ್ ಇದೆ ಎಂಬ ಕಾರಣಕ್ಕೆ ತೆಗೆಸುವ ಅಗತ್ಯವಿಲ್ಲ. ಕಲ್ಲು 3 ಸೆಂಟಿಮೀಟರ್ ದಾಟಿದ್ದರೆ, ಪಿತ್ತಕೋಶದ ಗೋಡೆ ಸುಣ್ಣಗಟ್ಟಿದ್ದರೆ, 1 ಸೆಂಟಿಮೀಟರ್ ಅಥವಾ ಅದಕ್ಕೂ ದೊಡ್ಡ ಪಾಲಿಪ್ (ಒಳಗೋಡೆಯ ಸಣ್ಣ ಗಂಟು) ಇದ್ದರೆ ಮಾತು ಬೇರೆ. ಪಿತ್ತಕೋಶದ ಕ್ಯಾನ್ಸರ್ ಹೆಚ್ಚಾಗಿರುವುದು ಗಂಗಾ ಬಯಲಿನ ಉತ್ತರ ಭಾರತದಲ್ಲಿ, ನಮ್ಮಲ್ಲಿ ಅಷ್ಟಿಲ್ಲ. ಆದರೆ ಊಟದ ನಂತರ ಬಲ ಪಕ್ಕೆಯ ಕೆಳಗೆ ಹಿಡಿದುಕೊಳ್ಳುವ ನೋವು ಒಮ್ಮೆ ಬಂದರೂ ಮುಂದೂಡಬೇಡಿ. ಶುಗರ್ ಇರುವವರಲ್ಲಿ ಪಿತ್ತಕೋಶಕ್ಕೆ ಸೋಂಕಾದರೆ ಬೇಗ ಕೊಳೆಯುತ್ತದೆ. ತುರ್ತಿನಲ್ಲಿ ಮಾಡುವ ಆಪರೇಷನ್‌ಗಿಂತ ಶುಗರ್ ಹತೋಟಿಗೆ ತಂದು, ದಿನ ಗೊತ್ತುಮಾಡಿ ಮಾಡುವುದು ಎಷ್ಟೋ ಸುರಕ್ಷಿತ.

ಪ್ರಶ್ನೆ: ಮೆಟ್‌ಫಾರ್ಮಿನ್ ಲಿವರ್ ಕೆಡಿಸುತ್ತದೆ ಎಂದು ಒಬ್ಬರು, ಕ್ಯಾನ್ಸರ್ ತಡೆಯುತ್ತದೆ ಎಂದು ಇನ್ನೊಬ್ಬರು. ಯಾವುದು ಸರಿ?
— ಓದುಗರು, ಹುಣಸೂರು

ಉತ್ತರ: ಲಿವರ್ ಕೆಡಿಸುವುದಿಲ್ಲ. ಈ ಮಾತ್ರೆ ತೆಗೆದುಕೊಳ್ಳುವವರಲ್ಲಿ ಪಿತ್ತನಾಳದ ಕ್ಯಾನ್ಸರ್ ಕಡಿಮೆ ಕಂಡಿದೆ ಎನ್ನುವ ಅಧ್ಯಯನಗಳಿವೆ. ಅವು ಹಳೆಯ ದಾಖಲೆಗಳನ್ನು ಹೋಲಿಸಿ ನೋಡಿದವು, ಮಾತ್ರೆ ಕೊಟ್ಟು ಪರೀಕ್ಷಿಸಿದವಲ್ಲ. ಶುಗರಿಗಾಗಿ ಬರೆದಿದ್ದರೆ ನಿಶ್ಚಿಂತೆಯಿಂದ ತೆಗೆದುಕೊಳ್ಳಿ, ಕ್ಯಾನ್ಸರ್ ತಡೆಯಲೆಂದು ತಾವಾಗಿ ಶುರು ಮಾಡಬೇಡಿ.

ಪ್ರಶ್ನೆ: ತಂದೆಗೆ 58. ಮನೆಯಲ್ಲಿ ಯಾರಿಗೂ ಶುಗರ್ ಇಲ್ಲ. ಆರು ತಿಂಗಳ ಹಿಂದೆ ಇದ್ದಕ್ಕಿದ್ದಂತೆ ಶುಗರ್ ಬಂತು. ತೂಕ 64ರಿಂದ 57ಕ್ಕೆ ಇಳಿದಿದೆ. ಶುಗರಿನಿಂದ ಇಳಿದಿರಬಹುದೆ?
— ಓದುಗರು, ಮಳವಳ್ಳಿ

ಉತ್ತರ: ಇರಬಹುದು, ಆದರೆ ಹಾಗೆಂದು ಸುಮ್ಮನಿರಬಾರದು. ಆರು ತಿಂಗಳಲ್ಲಿ ಶೇಕಡ 5ಕ್ಕಿಂತ ಹೆಚ್ಚು ತೂಕ ಕಾರಣವಿಲ್ಲದೆ ಇಳಿದರೆ ಕಾರಣ ಹುಡುಕಲೇಬೇಕು. ನಿಮ್ಮ ತಂದೆಯವರದು ಸುಮಾರು ಶೇಕಡ 11. ಕೆಲವೊಮ್ಮೆ ಶುಗರ್ ಕ್ಯಾನ್ಸರಿಗೆ ಕಾರಣವಲ್ಲ, ಅದರ ಮುನ್ಸೂಚನೆ. ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ ಬೆಳೆಯುವಾಗ ಹೊಸದಾಗಿ ಶುಗರ್ ಕಾಣಿಸಿಕೊಳ್ಳುತ್ತದೆ. ಐವತ್ತು ದಾಟಿದ ಮೇಲೆ ಹೊಸದಾಗಿ ಶುಗರ್ ಬಂದ ನೂರು ಮಂದಿಯಲ್ಲಿ ಮೂರು ವರ್ಷದೊಳಗೆ ಈ ಕ್ಯಾನ್ಸರ್ ಪತ್ತೆಯಾಗುವುದು ಸುಮಾರು ಒಬ್ಬರಲ್ಲಿ. ಜೊತೆಗೆ ತೂಕವೂ ಇಳಿಯುತ್ತಿದ್ದರೆ ಸಂಶಯ ಹೆಚ್ಚು. ಅಲ್ಟ್ರಾಸೌಂಡಿನಲ್ಲಿ ಆ ಗ್ರಂಥಿ ಕರುಳಿನ ಗಾಳಿಯ ಹಿಂದೆ ಮರೆಯಾಗುವುದುಂಟು, ಸಿಟಿ ಸ್ಕ್ಯಾನ್ ಬಗ್ಗೆ ಈ ವಾರವೇ ವೈದ್ಯರನ್ನು ಕೇಳಿ.

ಪ್ರಶ್ನೆ: ಯಜಮಾನರಿಗೆ ಪಿತ್ತನಾಳದ ಗಡ್ಡೆ, ಇಆರ್‌ಸಿಪಿ (ಬಾಯಿಯ ಮೂಲಕ ನಳಿಕೆ ಇಳಿಸಿ ಪಿತ್ತನಾಳ ತಲುಪುವ ವಿಧಾನ) ಮಾಡಿ ಪ್ಲಾಸ್ಟಿಕ್ ಸ್ಟೆಂಟ್ ಹಾಕಿದ್ದಾರೆ. ಕಾಮಾಲೆ ಇಳಿದಿದೆ. ಶುಗರಿಗೆ ಡಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಾರೆ. ಮುಂದಿನ ತಿಂಗಳು ಆಪರೇಷನ್ ಎಂದಿದ್ದಾರೆ. ಏನು ಎಚ್ಚರಿಕೆ ಬೇಕು? ಖರ್ಚಿಗೆ ದಾರಿ ಏನು?
— ಓದುಗರು, ನಾಗಮಂಗಲ

ಉತ್ತರ: ಕಾಮಾಲೆ ಇಳಿದ ಮಾತ್ರಕ್ಕೆ ಸ್ಟೆಂಟ್ ಮರೆಯಬೇಡಿ. ಪ್ಲಾಸ್ಟಿಕ್ ಸ್ಟೆಂಟ್ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕಟ್ಟಿಕೊಳ್ಳುತ್ತದೆ. ಆಪರೇಷನ್ ಮುಂದೆ ಹೋದರೆ ಬದಲಾಯಿಸುವ ದಿನಾಂಕವನ್ನು ಡಿಸ್ಚಾರ್ಜ್ ಪತ್ರದ ಮೇಲೇ ಬರೆಸಿಕೊಳ್ಳಿ. ಚಳಿಜ್ವರ, ಮತ್ತೆ ಹಳದಿ, ಮತ್ತೆ ಕೆರೆತ ಕಂಡರೆ ಸ್ಟೆಂಟ್ ಕಟ್ಟಿದೆ ಎಂದೇ ತಿಳಿದು ಅದೇ ದಿನ ಹೋಗಿ.

ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಆಪರೇಷನ್‌ಗೆ ಕನಿಷ್ಠ ಮೂರು ದಿನ ಮುಂಚೆ ನಿಲ್ಲಿಸಬೇಕು. ಉಪವಾಸದಲ್ಲಿ ಇವನ್ನು ನುಂಗಿದರೆ ಶುಗರ್ ಹೆಚ್ಚು ಏರದೆಯೇ ರಕ್ತ ಆಮ್ಲೀಯವಾಗುವ ಅಪಾಯವಿದೆ. ಗ್ಲುಕೋಮೀಟರ್ ಅಂಕಿ ಚೆನ್ನಾಗಿಯೇ ಇರುವುದರಿಂದ ಅದು ಬೇಗ ಗೊತ್ತಾಗುವುದೂ ಇಲ್ಲ. ಬದಲಿಗೆ ಏನೆಂದು ವೈದ್ಯರು ಹೇಳುತ್ತಾರೆ, ಹೆಚ್ಚಾಗಿ ಇನ್ಸುಲಿನ್. ಗಡ್ಡೆ ನಾಳದ ಕೆಳತುದಿಯಲ್ಲಿದ್ದರೆ ಮೇದೋಜೀರಕ ಗ್ರಂಥಿಯ ತಲೆಭಾಗವನ್ನೂ ತೆಗೆಯುತ್ತಾರೆ. ಆಮೇಲೆ ಶುಗರ್ ಹೆಚ್ಚಬಹುದು, ಊಟದ ಜೊತೆ ಜೀರ್ಣಕಿಣ್ವದ ಕ್ಯಾಪ್ಸೂಲ್ ಬೇಕಾಗಬಹುದು. ಕ್ಯಾಪ್ಸೂಲನ್ನು ಊಟದ ಮೊದಲ ತುತ್ತಿನ ಜೊತೆಗೇ ತೆಗೆದುಕೊಳ್ಳಬೇಕು. ಊಟ ಮುಗಿಸಿ ನುಂಗಿದರೆ ಕೆಲಸ ಅರೆಬರೆ.

ಇಂಥ ಆಪರೇಷನ್ ಅನ್ನು ಆಗಾಗ ಮಾಡುತ್ತಿರುವ ತಂಡದಿಂದಲೇ ಮಾಡಿಸಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ, ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರುವ ಉದರರೋಗ ಮತ್ತು ಅಂಗಾಂಗ ಕಸಿ ಸಂಸ್ಥೆಯೂ ಸರ್ಕಾರಿ ಸಂಸ್ಥೆಗಳೇ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಸರ್ಕಾರ ಭರಿಸುವುದು ಯೋಜನೆ ಗೊತ್ತುಮಾಡಿದ ಪ್ಯಾಕೇಜ್ ದರದ ಶೇಕಡ 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಪಡೆದು, ದಾಖಲಾಗುವ ಮುನ್ನವೇ ಅಲ್ಲಿನ ಆರೋಗ್ಯಮಿತ್ರರಿಗೆ (ಯೋಜನೆಯ ಸಹಾಯಕ ಸಿಬ್ಬಂದಿ) ಆಧಾರ್, ರೇಷನ್ ಕಾರ್ಡ್ ಜೊತೆ ಕೊಡಿ. ಬಿಲ್ ಆದ ಮೇಲೆ ಹೋದರೆ ಕೆಲಸವಾಗುವುದು ಕಷ್ಟ.